ಜಿಂಕೆ ಬೇಟೆಗೆ ಚಕ್ರದ ಬ್ಯಾಗು

ಸ್ಫೂರ್ತಿ, ಸಾನ್ವಿ,

ಹಿಂದಿನ ಶನಿವಾರ ನಿಮ್ಮ ಆಯಿಯನ್ನು, ಈ ಅಜ್ಜಿಯನ್ನು, ಅಂಗಡಿಯಿಂದ ಹೊರಗೆ ಹಾಕುವುದೊಂದು ಬಾಕಿ ಇತ್ತು.

ಹತ್ತು ಕೆಜಿ ಅಕ್ಕಿ. ಐದೈದು ಕೆಜಿಯ ಎರಡು ಜೋಳದ ಹಿಟ್ಟಿನ ಪ್ಯಾಕೆಟ್. ಇಷ್ಟನ್ನೂ ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಯೊಳಗೆ ತರಿಸಿ, ಅಲ್ಲಿನ ಹೊಚ್ಚ ಹೊಸ ಬ್ಯಾಗಿನೊಳಗೆ ತುಂಬುತ್ತಿದ್ದೆ. ಸೆಕ್ಯುರಿಟಿಯವನು ಓಡಿ ಬಂದ. ಬೂಟು ನೋಡುತ್ತಿದ್ದ ಗಿರಾಕಿಗಳು ಬೂಟು ಕೈಯಲ್ಲಿ ಹಿಡಿದುಕೊಂಡೇ ನಿಂತರು. ನನ್ನ ಮಗ ಬಸು ಗೋಡೆಯ ಕಡೆ ಮುಖ ತಿರುಗಿಸಿದ.

ಸ್ಫೂರ್ತಿ, ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ. ಲಂಡನ್ನಿನ ಇನ್ನೊಂದು ತುದಿಯ ಸಟನ್ನಿನಲ್ಲಿರುವ ಸಾನ್ವಿಗೆ ಗೊತ್ತಾಗಬೇಕು. ನಿಮ್ಮಿಬ್ಬರ ಹೆಸರಿಗೆ ಬರೆಯುವ ಈ ಅಂಕಣವನ್ನು ವಾರವಾರವೂ ಓದುವ ಉಳಿದವರಿಗೂ ಗೊತ್ತಾಗಬೇಕು. (ಓದುಗರೇ, ನಾನು ಎಂಥವಳು ಎಂದು ನಿಮಗೆ ಗೊತ್ತಲ್ಲ. ಜಿಪಿ ಡಾಕ್ಟರ ಎದುರು ಕೂತರೆ ನೋವು ಎಲ್ಲಿದೆ ಎಂದು ಹೇಳಲೂ ನಾಚುವವಳು. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ನನ್ನಂಥವಳು ಅಂಗಡಿಯ ನಡುವೆ ಗಲಾಟೆ ಮಾಡುವಷ್ಟು ಸಿಟ್ಟಿಗೇಳಬೇಕಾದರೆ ಏನೋ ನಡೆದಿರಲೇಬೇಕು.)

ಮೊದಲಿನಿಂದ ಹೇಳುತ್ತೇನೆ.

ನನ್ನ ಹಿರಿಯ ಮೊಮ್ಮಗಳು, ಬಸುವಿನ ಮಗಳು ಸ್ಫೂರ್ತಿ ಕಾಡಿನ ವಿದ್ಯೆ ಓದಿದವಳು. ಈಗ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಅಲ್ಲಿನ ಜಿಂಕೆಗಳು ನಮ್ಮ ಕಡೆಯ ಕಡವೆಯಷ್ಟು ದೊಡ್ಡವು. ಅವನ್ನು ತಿನ್ನುವ ತೋಳ ಅಲ್ಲಿ ಉಳಿದಿಲ್ಲ. ಹೀಗಾಗಿ ಅವು ಹೆಚ್ಚಾಗಿ, ನೆಟ್ಟ ಸಸಿಗಳನ್ನೆಲ್ಲ ಮೇಯ್ದು, ಚಳಿಗಾಲದಲ್ಲಿ ತಾವೇ ಹಸಿದು ಸಾಯುತ್ತವಂತೆ. ಅದಕ್ಕೆ ಲೆಕ್ಕ ನೋಡಿ ಬೇಟೆಯಾಡುತ್ತಾರೆ. ಹೊಡೆದದ್ದನ್ನು ಅಲ್ಲೇ ಬಿಟ್ಟು ಬರುವಂತಿಲ್ಲ. ಗಾಡಿ ಹೋಗದ ಜಾಗದಲ್ಲಿ ಮಾಂಸವನ್ನು ಭಾಗ ಮಾಡಿ, ಬೆನ್ನ ಮೇಲೆ ಹೊತ್ತು ಇಳಿಸಬೇಕು.

ನಮ್ಮದು ಮಾಂಸ ಮುಟ್ಟದ ಮನೆ. ಮೊದಲು ಕೇಳಿದಾಗ ನನಗೂ ಹಿಡಿಸಲಿಲ್ಲ. ಒಂದು ವಾರ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವಳೇ ಅಡುಗೆಮನೆಯಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದಳು. ಪೂರ್ತಿ ಒಪ್ಪಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಹಸಿವಿನಿಂದ ಸಾಯುವ ದನಗಳನ್ನು ನೋಡಿದವಳು ನಾನು. ಅದನ್ನು ನೋಡಿದವರಿಗೆ ಕೆಲವು ಮಾತು ಬೇಗ ಅರ್ಥವಾಗುತ್ತವೆ.

ಎಲ್ಲರಿಗೂ ಆಗುವುದಿಲ್ಲ. ಕೊಲಿಂಡೇಲಿನಲ್ಲಿ ಒಂದು ಬರ್ತ್‌ಡೇ ಪಾರ್ಟಿ. ಬೆಂಗಳೂರಿನ ಕಡೆಯ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕೂತರು.

“ಆಂಟೀ, ನಿಮ್ಮ ಮೊಮ್ಮಗಳು ಜಿಂಕೆ ಹೊಡೀತಾಳಂತೆ? ಪಾಪ ಅಲ್ವಾ?”

ಅವರ ಪ್ಲೇಟಿನಲ್ಲಿ ಚಿಕನ್ ಇತ್ತು. ಮೂರು ತುಂಡು. ನಾನು ಆ ಪ್ಲೇಟನ್ನೇ ನೋಡಿದೆ. ಅವರೇ ಎದ್ದು ಹೋದರು.

ಇರಲಿ. ಇವತ್ತಿನ ಸಿಟ್ಟು ಅದರ ಮೇಲಲ್ಲ. ಬ್ಯಾಗಿನ ಮೇಲೆ. ಹೆಚ್ಚು ಸರಿಯಾಗಿ ಹೇಳಬೇಕೆಂದರೆ, ಬ್ಯಾಗು ಆರಿಸುವವರ ಮೇಲೆ. ಅವರಲ್ಲಿ ನಾನೂ ಒಬ್ಬಳು.

ಎರಡು ತಿಂಗಳ ಹಿಂದೆ ಸ್ಫೂರ್ತಿಗೆ ಮೊದಲ ಸಲ ಗುಡ್ಡದ ಮೇಲೆ ಹೋಗುವ ಅವಕಾಶ ಬಂತು. ಬೆನ್ನಿಗೆ ಹಾಕುವ ಬ್ಯಾಗು ಬೇಕು ಎಂದಳು. ಅಷ್ಟು ಹೇಳಿದ್ದೇ ತಡ, ಮನೆಯವರೆಲ್ಲ ಎದ್ದು ನಿಂತೆವು. ಯಾಕೆಂದರೆ ಬ್ಯಾಗಿನ ವಿಷಯದಲ್ಲಿ ನಾವು ಪಂಡಿತರು!

ನಾವಿರುವುದು ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ನಲ್ಲಿ. ನಿಮ್ಮ ಮುತ್ಯಾ, ನನ್ನ ಯಜಮಾನರು, ಇಪ್ಪತ್ತಾರು ವರ್ಷ ವಿಮಾನಕ್ಕೆ ಲಗೇಜು ತುಂಬಿದವರು. ಬಸುವೂ ಅದೇ ಕೆಲಸದಲ್ಲಿ ಸೂಪರ್‌ವೈಸರ್. ನಮ್ಮ ಮನೆಯಲ್ಲಿ ಯಾವ ಬ್ಯಾಗು ಬಂದರೂ ಮೊದಲು ಹಿಡಿಕೆ ಎಳೆದು ನೋಡುತ್ತೇವೆ. ಆಮೇಲೆ ಚಕ್ರ ತಿರುಗಿಸುತ್ತೇವೆ. ಆಮೇಲೆ ಬೀಗ.

ಬಸು ಒಂದು ಬ್ಯಾಗು ತಂದ. ಬೆನ್ನಿಗೆ ಹಾಕಲು ಪಟ್ಟಿ ಇತ್ತು. ಕೆಳಗೆ ಗಟ್ಟಿ ಪ್ಲಾಸ್ಟಿಕ್ಕು, ಅದರಲ್ಲಿ ಅಡಗಿಸಿಟ್ಟ ಎರಡು ಚಕ್ರ. ಎಳೆದರೆ ಹೊರಬರುವ ಕಬ್ಬಿಣದ ಹಿಡಿಕೆ. ನಂಬರಿನ ಬೀಗ. ಬಣ್ಣ ಕೇಸರಿ, ಎಂಥ ಕೇಸರಿ! ಕಣ್ಣಿಗೆ ಚುಚ್ಚುವಂಥದ್ದು.

“ಏರ್‌ಪೋರ್ಟ್ ಬೆಲ್ಟ್ ಮ್ಯಾಲ ಬಂತಂದ್ರ ಐವತ್ತು ಬ್ಯಾಗಿನಾಗ ಇದೊಂದ ಕಾಣಬೇಕ್ ನೋಡು” ಎಂದ ಬಸು. “ಇಪ್ಪತ್ಮೂರು ಕೆಜಿ ಆರಾಮ ಹಿಡಿತದ. ಬ್ಯಾಸಿಗಿಗೆ ವಿಜಾಪುರಕ್ಕ ಹೋಗ್ಲಾಕೂ ಆತು.”

“ಅಪ್ಪಾ, ಗುಡ್ಡದ ಮೇಲೆ ಬೆಲ್ಟ್ ಇರಲ್ಲ” ಎಂದಳು ಸ್ಫೂರ್ತಿ, ಮೆಲ್ಲಗೆ.

“ಅಯ್ಯ, ಒಂದ ಕೆಲಸಕ್ಕ ಒಂದ ಬ್ಯಾಗ್ ಅಂದ್ರ ಮನ್ಯಾಗ ಜಾಗ ಎಲ್ಲಿ ಅದ ತಂಗೀ?”

ಅವಳು ನನ್ನ ಮುಖ ನೋಡಿದಳು. ನಾನು ಏನು ಮಾಡಿದೆ ಗೊತ್ತೇ? ಒಳಗೆ ಹೋಗಿ, ನನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಒಂದು ಮೊಳ ಹರಿದು ತಂದು, ಆ ಬ್ಯಾಗಿನ ಹಿಡಿಕೆಗೆ ಗಂಟು ಹಾಕಿದೆ. ಊರಿಗೆ ಹೋಗುವಾಗ ನಮ್ಮ ಎಲ್ಲ ಬ್ಯಾಗಿಗೂ ಕಟ್ಟುತ್ತೇನೆ. ಯಾರ ಬ್ಯಾಗೂ ಅದಲುಬದಲಾಗಬಾರದು ಎಂದು.

ಯಾರ ಜೊತೆ ಅದಲುಬದಲು? ಜಿಂಕೆಯ ಜೊತೆಯೇ?

ಆ ಪ್ರಶ್ನೆ ಅವತ್ತು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬ್ಯಾಗು ಎಂದರೆ ವಿಮಾನ. ಲಂಡನ್ನಿನಲ್ಲಿ ಇಷ್ಟು ವರ್ಷ ಇದ್ದೂ ನಮ್ಮ ಮನೆಯವರ ತಲೆಯಲ್ಲಿ ಕೂತಿರುವುದು ಇಷ್ಟೇ.

ಸ್ಫೂರ್ತಿ ಹೋದಳು. ನಾಲ್ಕು ದಿನಕ್ಕೆ ಮರಳಿದಳು. ಹೇಗಾಯಿತು ಎಂದರೆ, “ಫೈನ್, ಆಯಿ” ಎಂದಳು. ಈ ಮಕ್ಕಳ ಫೈನ್ ಬಗ್ಗೆ ನಾನು ಹಿಂದೆ ಒಂದು ಸಲ ಬರೆದಿದ್ದೇನೆ. ಏನೂ ಸರಿಯಿಲ್ಲದಾಗ ಹೇಳುವ ಮಾತು ಅದು.

ಮರುದಿನ ತಲೆಗೆ ಎಣ್ಣೆ ಹಚ್ಚಲು ಕೂರಿಸಿದೆ. ಅಂಗಿ ಸ್ವಲ್ಪ ಮೇಲೆ ಸರಿಯಿತು. ಸೊಂಟದ ಮೇಲೆ, ಬೆನ್ನುಮೂಳೆಯ ಎರಡೂ ಕಡೆ, ರೂಪಾಯಿ ಅಗಲದ ಎರಡು ಗಾಯ. ಚರ್ಮ ಕಿತ್ತು ಒಣಗಿತ್ತು. ಸರಿಯಾಗಿ ಆ ಚಕ್ರಗಳು ಕೂರುವ ಜಾಗದಲ್ಲಿ.

“ಇದೇನವ್ವಾ ಇದು?”

“ಅಪ್ಪಂಗೆ ಹೇಳಬೇಡ ಆಯಿ. ಪ್ಲೀಸ್.”

ಎಣ್ಣೆಯ ಬಟ್ಟಲು ಕೆಳಗಿಟ್ಟೆ. ಒಂದೊಂದಾಗಿ ಹೊರಗೆ ಬಂತು.

ಆ ಬ್ಯಾಗಿನ ಬಟ್ಟೆ ಪ್ಲಾಸ್ಟಿಕ್ ಚೀಲದಂತೆ ಸದ್ದು ಮಾಡುತ್ತಿತ್ತಂತೆ. ಕಲ್ಲಿಗೆ ತಾಗಿದರೆ ಚಕ್ರ ಕಟಕಟ ಎನ್ನುತ್ತಿತ್ತಂತೆ. ಆದರೂ ಹೇಗೋ ಮಾಡಿ, ಜೌಗಿನಲ್ಲಿ ಹೊಟ್ಟೆ ಎಳೆದುಕೊಂಡು ಒಂದು ತಾಸು ತೆವಳಿ, ಅವರ ತಂಡದ ನಾಲ್ವರೂ ಜಿಂಕೆಗಳ ಹತ್ತಿರ ಹೋಗಿದ್ದಾರೆ. ಆಗ ಗಾಳಿ ಬೀಸಿದೆ.

“ಆಮ್ಯಾಲ?”

ಅವಳು ಅಂಗಿಯನ್ನು ಕೆಳಗೆ ಎಳೆದುಕೊಂಡಳು.

“ಆಮ್ಯಾಲ ಏನಾತು, ಹೇಳು.”

“ರಿಬ್ಬನ್ ಹಾರಿತು, ಆಯಿ. ಅವು ನೋಡಿದವು. ಓಡಿಹೋದವು.”

ನನ್ನ ಸೆರಗು. ಗುಡ್ಡದ ಮೇಲೆ ಪಟಪಟ ಹಾರಿ, ಒಂದು ತಾಸಿನ ಕೆಲಸವನ್ನು ಒಂದು ಗಳಿಗೆಯಲ್ಲಿ ಕೆಡಿಸಿತ್ತು.

“ಬಿಚ್ಚಿ ಒಗೀಬೇಕಿಲ್ಲ ಹುಚ್ಚೀ?”

“ನೀನು ಕಟ್ಟಿದ್ದಲ್ಲ” ಎಂದಳು.

ಬಟ್ಟಲು ಎತ್ತಿಕೊಂಡು ಮತ್ತೆ ಎಣ್ಣೆ ಹಚ್ಚಿದೆ.

ಅಷ್ಟಕ್ಕೇ ಮುಗಿದಿರಲಿಲ್ಲ. ಅವಳಿಗೆ ಕೆಲಸ ಕಲಿಸುವವಳು ಮೋರಾಗ್ ಎಂಬ ಹೆಂಗಸು. ನನ್ನ ಓರಗೆಯವಳು, ಇನ್ನೂ ಗುಡ್ಡ ಹತ್ತುತ್ತಾಳೆ. ಅವಳು ಬೈಯಲಿಲ್ಲವಂತೆ. ಇಷ್ಟೇ ಹೇಳಿದ್ದು: ಮುಂದಿನ ಸಲ ನಿನ್ನ ಬೆನ್ನಿಗೆ ಕೂರುವ ಬ್ಯಾಗು ತಂದರೆ ಮೇಲೆ ಬಾ. ಇಲ್ಲದಿದ್ದರೆ ಕೆಳಗೆ ಗಾಡಿಯ ಹತ್ತಿರ ಕೂತು ನಮಗೆಲ್ಲ ಚಹಾ ಮಾಡು. ತನ್ನ ಪಾಲಿನ ಭಾರ ತಾನೇ ಹೊತ್ತು ಇಳಿಸದಿದ್ದರೆ, ಚಳಿಗಾಲದ ಬೇಟೆಯ ತಂಡದಲ್ಲಿ ಜಾಗ ಇಲ್ಲ. ಆ ಜಾಗ ಸಿಗದಿದ್ದರೆ ಕಲಿಕೆ ಅಲ್ಲಿಗೇ ನಿಂತಿತು.

ನಾಲ್ಕು ವರ್ಷ ಓದಿದ ಹುಡುಗಿ. ಒಂದು ಬ್ಯಾಗಿನ ದೆಸೆಯಿಂದ ಚಹಾ ಮಾಡಬೇಕೇ?

ಹೀಗೆ, ಅವಳ ಮುಂದಿನ ಸರದಿ ಹತ್ತಿರ ಬಂದಾಗ, ಹಿಂದಿನ ಶನಿವಾರ ನಾವು ಮೂವರು ಹೊರಟೆವು. (ಬಸುವಿಗೆ ನಾನೇ ಹೇಳಿದೆ. ಮಾತು ಮುರಿದೆ, ಸ್ಫೂರ್ತಿ. ಕ್ಷಮಿಸು. ಆ ಗಾಯದ ವಿಷಯ ಕೇಳಿ ನಿನ್ನಪ್ಪ ಊಟ ಬಿಟ್ಟು ಎದ್ದಿದ್ದ.) ದಾರಿಯಲ್ಲಿ ಇಂಡಿಯನ್ ಅಂಗಡಿಯಲ್ಲಿ ವಾರದ ರೇಷನ್ ತೆಗೆದುಕೊಂಡು ಕಾರಿನ ಡಿಕ್ಕಿಯಲ್ಲಿ ಇಟ್ಟು, ಈ ಬೆಟ್ಟದ ಸಾಮಾನಿನ ಅಂಗಡಿಗೆ ಹೋದೆವು.

ಎರಡು ಅಂತಸ್ತಿನ ಅಂಗಡಿ. ಗೋಡೆ ತುಂಬ ಬ್ಯಾಗು. ಗಡ್ಡ ಬಿಟ್ಟ ಸೇಲ್ಸ್‌ಮನ್ ನಗುತ್ತ ಬಂದ. ಬಂದವನೇ ಬಸುವಿನ ಎದುರು ನಿಂತ.

“ಹೇಗೆ ಸಹಾಯ ಮಾಡಲಿ ಸರ್?”

ಬಸು, ಬೆಟ್ಟದ ಬೇಟೆಗೆ ಬ್ಯಾಗು ಬೇಕು ಎಂದ. ಅವನು ಖುಷಿಯಾದ. ಎಂಬತ್ತು ಲೀಟರಿನ ಒಂದು ದೊಡ್ಡ ಬ್ಯಾಗು ಇಳಿಸಿ ಸೀದಾ ಬಸುವಿನ ಬೆನ್ನಿಗೆ ಏರಿಸಿದ!

ಬಸುವಿನ ಹೊಟ್ಟೆಗೆ ಸೊಂಟದ ಪಟ್ಟಿ ಮುಟ್ಟಲಿಲ್ಲ. ಆದರೂ ಅವನು ಕನ್ನಡಿಯಲ್ಲಿ ಅತ್ತ ಇತ್ತ ತಿರುಗಿ ನೋಡಿಕೊಂಡ. ಗಂಡಸರಿಗೆ ಬೆನ್ನ ಮೇಲೆ ಒಂದು ಬ್ಯಾಗು ಬಂದರೆ ಸಾಕು, ಹಿಮಾಲಯ ಹತ್ತಿ ಇಳಿದವರ ಮುಖವಾಗುತ್ತದೆ.

“ಬೇಟೆಗೆ ಹೋಗುವವಳು ನಾನು” ಎಂದಳು ಸ್ಫೂರ್ತಿ.

“ಓಹ್! ಬ್ರಿಲಿಯಂಟ್!” ಎಂದ ಅವನು. ಓಡಿಹೋಗಿ ಇನ್ನೊಂದು ತಂದ. ಚಿಕ್ಕದು. ಒಳಗೆ ನೇರಳೆ ಬಣ್ಣದ ಬಟ್ಟೆ. “ಇದು ಹೆಂಗಸರಿಗೆ. ಹಗುರ.”

ಹಗುರ! ಮಾಂಸ ಹಗುರವಾಗುತ್ತದೆಯೇ, ಹೊರುವವಳು ಹೆಣ್ಣು ಎಂದು?

ಅವಳು ಅದನ್ನು ಹಾಕಿಕೊಂಡಳು. ಒಳಗೆ ಏನಿತ್ತು? ಮುದ್ದೆ ಮಾಡಿದ ಕಾಗದ. ಬ್ಯಾಗು ತುಂಬಿದಂತೆ ಕಾಣಲಿ ಎಂದು ಅಂಗಡಿಯವರೇ ತುರುಕಿದ್ದು.

“ಕಂಫರ್ಟಬಲ್?” ಎಂದ.

ಕಾಗದ ಹೊತ್ತವರಿಗೆ ಯಾವ ಬ್ಯಾಗು ಕಂಫರ್ಟಬಲ್ ಅಲ್ಲ?

ತೂಕ ಹಾಕಿ ನೋಡಬಹುದೇ ಎಂದು ಸ್ಫೂರ್ತಿ ಕೇಳಿದಳು. ಅದಕ್ಕೆಂದೇ ಮರಳಿನ ಚೀಲಗಳಿವೆ, ಆದರೆ ಇವತ್ತು ಕೆಳಗಿನ ಸ್ಟೋರಿನಲ್ಲಿವೆ, ಕೀಲಿ ಮ್ಯಾನೇಜರ್ ಹತ್ತಿರ ಇದೆ, ಅವರು ಲಂಚಿಗೆ ಹೋಗಿದ್ದಾರೆ ಎಂದ. ಹೀಗೆ ಹೇಳುವಾಗಲೂ ಅವನು ನೋಡಿದ್ದು ಬಸುವನ್ನೇ.

ಬಸು ಗಡಿಯಾರ ನೋಡಿದ. “ಪಾರ್ಕಿಂಗ್ ಟೈಮ್ ಆತು. ಇದ ಛಲೋ ಅದ ಬಿಡು, ತಗೋಳೂಣು.”

ಸ್ಫೂರ್ತಿ ತಲೆ ತಗ್ಗಿಸಿದಳು. “ಫೈನ್” ಎಂದಳು.

ಆ ಫೈನ್ ಕೇಳಿದ ಕೂಡಲೇ ನನಗೆ ನಿಮ್ಮ ಮುತ್ಯಾ ಕಂಡರು.

ಕೊನೆಯ ಹತ್ತು ವರ್ಷ ಅವರು ಹಾಸಿಗೆಯ ಮೇಲೆ ಮಲಗಲಿಲ್ಲ. ಬೆನ್ನು ತಾಳುತ್ತಿರಲಿಲ್ಲ. ಕಾರ್ಪೆಟ್ ಮೇಲೆ ಒಂದು ಚಾದರ ಹಾಸಿಕೊಂಡು ಮಲಗುತ್ತಿದ್ದರು. ಬೆನ್ನಿಗೆ ಬಿಸಿನೀರಿನ ಚೀಲ ಇಡುವಾಗ ಒಂದು ಮಾತು ಹೇಳುತ್ತಿದ್ದರು. “ತುಂಬಿದಾಂವ ಒಬ್ಬಾಂವ, ಎತ್ತಾಂವ ಇನ್ನೊಬ್ಬಾಂವ. ತುಂಬಿದಾಂವ ಒಂದ್ಸಲ ಎತ್ತಿ ನೋಡಿದ್ರ ಸಾಕಿತ್ತು ನೋಡ, ಎರಡು ಸೀರಿ ತಗದ ಇಡ್ತಿದ್ದ.” ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳಬೇಕಿತ್ತು.

ನಮ್ಮ ಊರಿನ ಹೊಲದಲ್ಲಿ ಹೀಗಿರಲಿಲ್ಲ. ಜೋಳದ ಕಣಿಕೆಯ, ಅಂದರೆ ಒಣದಂಟಿನ, ಹೊರೆಯನ್ನು ಯಾರು ಹೊರುತ್ತಾರೋ ಅವರೇ ಕಟ್ಟಬೇಕು. ನಾನು ಹೊಸದಾಗಿ ಮದುವೆಯಾಗಿ ಬಂದಾಗ ಭಾವನೊಬ್ಬ ನನ್ನ ಹೊರೆ ಕಟ್ಟಲು ಬಂದ. ನನ್ನತ್ತೆ ದೂರದಿಂದಲೇ ಕೂಗಿದರು. “ಏ, ಬಿಡು! ಆಕಿ ಹೊರತಾಳ, ಆಕಿ ಕಟ್ಟಲಿ.” ಕಟ್ಟಿದ ಮೇಲೆ ಒಂದು ಸಲ ಮೊಳಕಾಲಿನವರೆಗೆ ಎತ್ತಿ ನೋಡಬೇಕು. ಹೆಚ್ಚಾಯಿತು ಎನ್ನಿಸಿದರೆ ಎರಡು ಹಿಡಿ ತೆಗೆಯಬೇಕು. ತೆಗೆದವಳನ್ನು ನೋಡಿ ಯಾರೂ ನಗುವಂತಿಲ್ಲ. ಆಮೇಲೆ ಉಳಿದವರು ಕೈ ಕೊಟ್ಟು ತಲೆಯ ಮೇಲಿನ ಸಿಂಬಿಗೆ ಏರಿಸುತ್ತಿದ್ದರು. ನನ್ನತ್ತೆಗೆ ಸಹಿ ಮಾಡಲು ಬರುತ್ತಿರಲಿಲ್ಲ. ಈ ಎರಡು ಅಂತಸ್ತಿನ ಅಂಗಡಿಗೆ ತಿಳಿಯದ್ದು ಅವರಿಗೆ ತಿಳಿದಿತ್ತು.

“ಸ್ಫೂರ್ತಿ,” ಎಂದೆ. “ಕಾರಿನ ಕೀಲಿ ತಗೊ. ಡಿಕ್ಕಿಯಾಗಿನ ಅಕ್ಕಿ ತಗೊಂಡ ಬಾ. ಜ್ವಾಳದ ಹಿಟ್ಟೂ ತಗೊಂಡ ಬಾ.”

“ಏನ್ ಮಾಡ್ಲಾಕತ್ತಿ ಅವ್ವಾ?” ಎಂದ ಬಸು.

“ಬ್ಯಾಗ್ ತಗೋಳ್ಳಾಕತ್ತೀನಿ.”

“ಮಂದಿ ನೋಡ್ಲಾಕತ್ತಾರ.”

“ನೋಡ್ಲಿ. ಹೊರಾವ್ರು ಮಂದಿ ಅಲ್ಲ.”

ಆಮೇಲಿನದು ನಿಮಗೆ ಗೊತ್ತು. ನೆಲದ ಮೇಲೆ ಕೂತೆ. ಕಾಗದದ ಮುದ್ದೆಗಳನ್ನೆಲ್ಲ ಕಿತ್ತು ಹಾಕಿದೆ. ಅಕ್ಕಿಯ ಚೀಲ ಇಳಿಸುವಾಗ ಸೆಕ್ಯುರಿಟಿಯವನು ಬಂದು, ಹೊರಗಿನ ಸಾಮಾನು ಇಲ್ಲಿನ ಬ್ಯಾಗಿಗೆ ಹಾಕುವಂತಿಲ್ಲ ಎಂದ. ಸೇಲ್ಸ್‌ಮನ್ ಮತ್ತೆ ಬಸುವಿನ ಕಡೆ ತಿರುಗಿ “ಸರ್...” ಎಂದ.

ಆ ಸರ್ ನನಗೆ ತಾಳಲಾಗಲಿಲ್ಲ. ಎದ್ದು ನಿಂತೆ. ಈ ದೇಶಕ್ಕೆ ಬಂದು ಮೂವತ್ತು ವರ್ಷವಾಯಿತು, ಅಪರಿಚಿತ ಗಂಡಸಿನ ಜೊತೆ ನಾನಾಗಿ ಇಂಗ್ಲಿಷ್ ಮಾತಾಡಿದ್ದು ಅದೇ ಮೊದಲು.

“ನಾಟ್ ಹಿಮ್,” ಎಂದೆ. “ಶಿ ಕ್ಯಾರಿ. ಆಸ್ಕ್ ಹರ್.”

ಇಷ್ಟೇ. ವ್ಯಾಕರಣ ತಪ್ಪಿರಬಹುದು. ಅರ್ಥವಾಗದವರು ಅಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಲಂಚ್ ಮುಗಿಸಿ ಮ್ಯಾನೇಜರ್ ಬಂದರು. ನೆಲದ ಮೇಲಿನ ಅಕ್ಕಿ ನೋಡಿದರು, ನನ್ನನ್ನು ನೋಡಿದರು, ಸ್ಫೂರ್ತಿಯನ್ನು ನೋಡಿದರು. ಸೇಲ್ಸ್‌ಮನ್‌ಗೆ ಏನೋ ಮೆಲ್ಲಗೆ ಹೇಳಿದರು. ಅವನ ಕಿವಿ ಕೆಂಪಾಯಿತು. ಸೆಕ್ಯುರಿಟಿಯವನು ಬಾಗಿಲಿಗೆ ಮರಳಿದ. ನಮಗೆ ಮ್ಯಾನೇಜರ್, ಅಕ್ಕಿಯ ಚೀಲ ಒಡೆಯದಂತೆ ನೋಡಿಕೊಳ್ಳಿ ಎಂದು ಮಾತ್ರ ಹೇಳಿದರು.

ಆಮೇಲೆ ಆ ಸೇಲ್ಸ್‌ಮನ್ ಹುಡುಗ ಮೊದಲ ಸಲ ಸ್ಫೂರ್ತಿಯ ಕಡೆ ತಿರುಗಿ ಕೇಳಿದ. ಎಷ್ಟು ಭಾರ, ಎಷ್ಟು ದೂರ, ಎಂಥ ದಾರಿ?

ಮಕ್ಕಳೇ, ಆಗ ನೋಡಬೇಕಿತ್ತು ಅವಳನ್ನು! ಫೈನ್ ಎಂದು ತಲೆ ತಗ್ಗಿಸಿದ ಹುಡುಗಿ ಎಲ್ಲಿ, ಇವಳೆಲ್ಲಿ? ಮೊದಲು ಬಟ್ಟೆಯನ್ನು ಉಗುರಿನಿಂದ ಕೆರೆದು ಸದ್ದು ಕೇಳಿದಳು. ಸದ್ದು ಮಾಡಿದ ಎರಡನ್ನು ಅಲ್ಲಿಯೇ ಬಿಟ್ಟಳು. ಕುತ್ತಿಗೆಯ ಬುಡದಿಂದ ಸೊಂಟದ ಎಲುಬಿನವರೆಗೆ ಟೇಪು ಹಿಡಿಸಿ ಬೆನ್ನಿನ ಅಳತೆ ತೆಗೆಸಿದಳು. ಕೈಗವಸು ಹಾಕಿಕೊಂಡು ಬಕಲ್ ಬಿಚ್ಚಿ ನೋಡಿದಳು. ಚಳಿಯಲ್ಲಿ ಬೆರಳು ಮರಗಟ್ಟುತ್ತವಂತೆ. ಅಕ್ಕಿಯ ಚೀಲವನ್ನು ಬೆನ್ನಿಗೆ ಒತ್ತಿದಂತೆ, ನಡುವಿಗಿಂತ ತುಸು ಮೇಲೆ ಇಟ್ಟಳು. ತಳದಲ್ಲಿ ಇಟ್ಟರೆ ಹಿಂದಕ್ಕೆ ಎಳೆಯುತ್ತದೆ ಎಂದಳು. ಸೊಂಟದ ಪಟ್ಟಿಯನ್ನು ಎಲುಬಿನ ಮೇಲೆ ಬಿಗಿದಳು. ನಾವು ಕೊಡ ಇಟ್ಟುಕೊಳ್ಳುತ್ತಿದ್ದ ಜಾಗವೇ ಅದು.

ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿದಳು, ಇಳಿದಳು. ಇಪ್ಪತ್ತು ಕೆಜಿ ಹೊತ್ತು. ಒಂದು ಬ್ಯಾಗು ಭುಜ ಎಳೆಯಿತು. ಇನ್ನೊಂದು ಬಾಗಿದಾಗ ತಲೆಗೆ ಬಡಿಯಿತು. ಐದನೆಯದು ಹಾಕಿಕೊಂಡು ಇಳಿದವಳು ಕೆಳಗಿನ ಮೆಟ್ಟಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು. ಫೈನ್ ಎನ್ನಲಿಲ್ಲ.

ಒದ್ದೆ ಹುಲ್ಲಿನ ಬಣ್ಣದ ಬ್ಯಾಗು. ಹಿಂದೆ ಒಂದು ಚೌಕಟ್ಟು, ಚೀಲವನ್ನು ಅದರಿಂದ ತುಸು ಸರಿಸಿ ನಡುವೆ ಮಾಂಸ ಬಿಗಿಯಬಹುದು. ಒಳಗಿನ ಬಟ್ಟೆಬರೆಗೆ ರಕ್ತ ತಾಗುವುದಿಲ್ಲ. ಚಕ್ರ ಇಲ್ಲ. ಬೀಗ ಇಲ್ಲ.

ಬಸು ಅದರ ಹಿಡಿಕೆ ಎಳೆದು ನೋಡಿದ. (ಅಭ್ಯಾಸ!) “ಊರಿಗೆ ಹೋಗ್ಲಾಕ ಬರಂಗಿಲ್ಲ ಇದು” ಎಂದು ಬಾಯಿ ತೆರೆದವನು, ನನ್ನ ಮುಖ ನೋಡಿ, “ಬ್ಯಾಡ ಬಿಡು, ಅದಕ್ಕ ಕೇಸರಿದು ಅದ” ಎಂದ.

ನನ್ನ ಸಿಟ್ಟು ಅಂಗಡಿಯಿಂದ ಹೊರಗೆ ಬಂದ ಮೇಲೂ ಇಳಿಯಲಿಲ್ಲ. ಆ ಹುಡುಗನ ಮೇಲೆ ಎಷ್ಟು ಹೊತ್ತು ಸಿಟ್ಟಾಗಲಿ? ಅವನು ಅರ್ಧ ತಾಸಿನಲ್ಲಿ ಕಲಿತ. ನಾವು? ಸಾನ್ವಿ, ನೀನು ಇನ್ನೂ ಹತ್ತು ವರ್ಷದವಳು. ಗ್ರಾಮರ್ ಸ್ಕೂಲಿಗೆ ಸೇರುವ ಪರೀಕ್ಷೆಗೆ ಎಂದು ನಿನ್ನ ಬ್ಯಾಗಿನಲ್ಲಿ ಎರಡೆರಡು ಟ್ಯೂಷನ್ನಿನ ಪುಸ್ತಕಗಳಿವೆ. ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ಅದನ್ನು ಎತ್ತಲು ಹೋಗಿ ನನ್ನ ಕೈ ಜಗ್ಗಿತು. ಅದನ್ನು ತುಂಬಿದವರು ಯಾರು? ನಿನ್ನ ಅಮ್ಮ, ಅಂದರೆ ನನ್ನ ಮಗಳು. ಅವಳಿಗೆ ನಾಳೆಯೇ ಫೋನ್ ಮಾಡುತ್ತೇನೆ. ಎತ್ತಿ ನೋಡಿದ್ದೀಯಾ ಎಂದು ಕೇಳುತ್ತೇನೆ. ಅವಳು ಸಿಟ್ಟಾಗುತ್ತಾಳೆ. ಆಗಲಿ.

ಸೋಮವಾರ ಬೆಳಿಗ್ಗೆ ಸ್ಫೂರ್ತಿ ಹೊರಟಳು. ಹಾಲಿನ ನೆಲದ ಮೇಲೆ ತನ್ನ ಸಾಮಾನು ಹರಡಿಕೊಂಡು ಬ್ಯಾಗು ಕಟ್ಟಿದಳು. ಬಸು ಎರಡು ಸಲ ಹತ್ತಿರ ಹೋದ. ಎರಡು ಸಲವೂ ನಾನು ಕೆಮ್ಮಿದೆ. ನನ್ನ ಕೈಯಲ್ಲಿ ಬುತ್ತಿಯ ಗಂಟಿತ್ತು. ಹದಿನೈದು ಕಟಕ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಡಬ್ಬಿ ಕರದಂಟು.

ಎಂದಿನಂತೆ ತುರುಕಲು ಹೋದವಳು ನಿಂತೆ. “ಎಷ್ಟ್ ಇಡ್ಲಿ?” ಎಂದು ಕೇಳಿದೆ.

ಅವಳು ಗಂಟು ಎತ್ತಿ ನೋಡಿದಳು. “ನಾಲ್ಕು ರೊಟ್ಟಿ. ಸ್ವಲ್ಪ ಹಿಂಡಿ. ಸಾಕು ಆಯಿ.”

ಹನ್ನೊಂದು ರೊಟ್ಟಿ ತೆಗೆದಿಟ್ಟೆ. ಕರದಂಟಿನ ಡಬ್ಬಿಯನ್ನೂ ತೆಗೆದಿಟ್ಟೆ.

ನಿನ್ನೆ ಫೋನ್ ಬಂತು. ಮೊದಲ ದಿನವೇ ಒಂದು ಹೆಣ್ಣು ಜಿಂಕೆ ಸಿಕ್ಕಿತಂತೆ. ತನ್ನ ಪಾಲು ಬೆನ್ನಿಗೆ ಬಿಗಿದು ಎರಡು ತಾಸು ಇಳಿದಳಂತೆ. ಕೆಳಗೆ ಮೋರಾಗ್ ಆ ಬ್ಯಾಗನ್ನು ಒಂದು ಕೈಯಲ್ಲಿ ಎತ್ತಿ, ತೂಗಿ ನೋಡಿ, ಇಳಿಸಿದಳಂತೆ.

“ಯಾರು ಕಟ್ಟಿದ್ದು?”

“ನಾನೇ.”

ಮೋರಾಗ್ ಚಹಾ ತಂದು ಸ್ಫೂರ್ತಿಯ ಕೈಗೆ ಕೊಟ್ಟಳಂತೆ. ಚಳಿಗಾಲದ ತಂಡದಲ್ಲಿ ಜಾಗ ಆಯಿತು.

ಫೋನ್ ಇಡುವ ಮೊದಲು ಸ್ಫೂರ್ತಿ ಇನ್ನೊಂದು ಮಾತು ಹೇಳಿದಳು. ಕೇಸರಿ ಬ್ಯಾಗಿನಿಂದ ಆ ಕೆಂಪು ಸೆರಗಿನ ತುಂಡನ್ನು ಬಿಚ್ಚಿ ಅವಳು ಜೊತೆಗೆ ಒಯ್ದಿದ್ದಾಳೆ. ಹೊರಗೆ ಕಟ್ಟಿಲ್ಲ. ಮಡಚಿ ಸೊಂಟದ ಪಟ್ಟಿಯ ಒಳಗೆ, ಗಾಯ ಇದ್ದ ಕಡೆ, ಮೆತ್ತಗಿರಲಿ ಎಂದು ಇಟ್ಟುಕೊಂಡಿದ್ದಾಳೆ. ನಾನು ಹೇಳಿಕೊಟ್ಟಿರಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಾನು ಬಾಯಿ ಬಿಟ್ಟು ಹೇಳಲಾಗದ್ದೆಲ್ಲ ಇವುಗಳಲ್ಲಿದೆ. ಆದರೆ ಎಂದಾದರೂ ಭಾರವೆನಿಸಿದರೆ ಎರಡು ಹಾಳೆ ತೆಗೆದು ಹೊರಗಿಡಿ, ನಾನು ನಗುವುದಿಲ್ಲ. ಹೊರುವವರು ನೀವು ತಾನೇ?